ಜೇಬಿಗೊಂದು ಮಡಚುವ ಚಾಕು: ಆರಿಸುವುದು ಹೇಗೆ?

ಅಂಗಡಿಯಲ್ಲಿ ಚಾಕು ಕೈಗೆ ಬಂದ ಕೂಡಲೇ ಎಲ್ಲರೂ ಹೆಬ್ಬೆರಳಿನಿಂದ ಅಲಗು ಸವರುತ್ತಾರೆ. ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಹೊಸದರಲ್ಲಿ ಅಗ್ಗದ ಚಾಕುವೂ ಹರಿತವಾಗಿಯೇ ಇರುತ್ತದೆ. ಅಲಗು ಎಷ್ಟು ತೆಳ್ಳಗಿದೆ, ಬಿಚ್ಚಿದಾಗ ಅದನ್ನು ಹಿಡಿದು ನಿಲ್ಲಿಸುವುದು ಯಾವುದು ಎಂದು ನೋಡಿ. ಹೋಲಿಕೆಗೆ ಮೂರು ಇಟ್ಟುಕೊಳ್ಳೋಣ: ಫ್ರಾನ್ಸಿನ ಒಪಿನೆಲ್ ನಂಬರ್ 8, ಅಲಗಿನ ಜೊತೆಗೆ ಕತ್ತರಿ, ಬಿರಡೆ ತೆಗೆಯುವ ಸುರುಳಿಯೂ ಇರುವ ಸ್ವಿಟ್ಜರ್ಲೆಂಡಿನ ವಿಕ್ಟೊರಿನಾಕ್ಸ್ ಕ್ಲೈಂಬರ್, ಮತ್ತೆ ಆನ್‌ಲೈನಿನಲ್ಲಿ ‘ಟ್ಯಾಕ್ಟಿಕಲ್’ ಎಂದು ಮಾರುವ ಕಪ್ಪು ಬಣ್ಣದ ದಪ್ಪ ಚಾಕು.

ಹಂತ 1: ಏನನ್ನು ಕತ್ತರಿಸುತ್ತೀರಿ?

ಕೊರಿಯರ್ ಡಬ್ಬದ ಟೇಪು, ಅಕ್ಕಿ ಮೂಟೆಯ ಹೊಲಿಗೆ ದಾರ, ಪ್ರಯಾಣದಲ್ಲಿ ಒಂದು ಸೀಬೆಹಣ್ಣು. ಹೆಚ್ಚಿನವರ ಪಟ್ಟಿ ಇಷ್ಟೇ ಅಲ್ವಾ? ಇದಕ್ಕೆ ಆರೇಳು ಸೆಂಟಿಮೀಟರ್ ಅಲಗು ಧಾರಾಳವಾಯಿತು. ಒಪಿನೆಲ್ ನಂಬರ್ 8ರ ಅಲಗು 8.5 ಸೆಂ.ಮೀ. ಇದೆ. ಜಾಸ್ತಿ ಅನಿಸಿದರೆ 7 ಸೆಂ.ಮೀ.ನ ನಂಬರ್ 6 ಸಿಗುತ್ತದೆ. ಎಳನೀರು ಕೆತ್ತುವ ಆಸೆ ಇದ್ದರೆ ಮಚ್ಚು ಕೊಳ್ಳಿ.

ಹಂತ 2: ಲಾಕ್ ನೋಡಿ

ಇಲ್ಲಿ ಆತುರ ಬೇಡ. ಬೆರಳು ಕೊಯ್ದುಕೊಳ್ಳುವುದು ಬಹುಮಟ್ಟಿಗೆ ಇಲ್ಲೇ.

ಕ್ಲೈಂಬರ್‌ಗೆ ಲಾಕ್ ಇಲ್ಲ. ಬೆನ್ನಿನ ಕಡೆಯ ಸ್ಪ್ರಿಂಗ್ ಪಟ್ಟಿ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ, ಅಷ್ಟೇ. ಕೆಳಕ್ಕೆ ಒತ್ತಿ ಕೊಯ್ಯುವಾಗ ತೊಂದರೆಯಿಲ್ಲ. ಗಟ್ಟಿ ವಸ್ತುವಿಗೆ ತುದಿಯಿಂದ ಚುಚ್ಚಿದರೆ ಅಲಗು ಬೆರಳಿನ ಮೇಲೆಯೇ ಮಡಚಿಕೊಳ್ಳಬಹುದು. ಹಾಗಾಗಿ ಇದರಲ್ಲಿ ತೂತು ಕೊರೆಯಲು ಹೋಗಬೇಡಿ.

ಒಪಿನೆಲ್ 1890ರಲ್ಲಿ ಹುಟ್ಟಿದಾಗ ಅದಕ್ಕೂ ಲಾಕ್ ಇರಲಿಲ್ಲ. 1955ರಲ್ಲಿ ಹಿಡಿಯ ಕುತ್ತಿಗೆಗೆ ತಿರುಗುವ ಉಕ್ಕಿನ ಬಳೆ ಬಂತು. ಬಳೆಯಲ್ಲಿ ಒಂದು ಸೀಳು ಇರುತ್ತದೆ. ಅಲಗು ಬಿಚ್ಚಿ ಬಳೆಯನ್ನು ತಿರುಗಿಸಿದರೆ ಸೀಳು ಪಕ್ಕಕ್ಕೆ ಸರಿಯುತ್ತದೆ, ಅಲಗಿಗೆ ಮಡಚಿಕೊಳ್ಳಲು ದಾರಿ ಇರುವುದಿಲ್ಲ. ಎರಡೂ ಕೈ ಬೇಕು ಎನ್ನುವುದೊಂದೇ ಕೊರತೆ.

ಮೂರನೆಯದರಲ್ಲಿ ಸಾಮಾನ್ಯವಾಗಿ ಹಿಡಿಯೊಳಗಿನ ಉಕ್ಕಿನ ತಗಡು ಪಕ್ಕಕ್ಕೆ ಬಾಗಿ ಅಲಗಿನ ಬುಡದ ಹಿಂದೆ ಕೂರುತ್ತದೆ. ಬೆಳಕಿಗೆ ಹಿಡಿದು ನೋಡಿ. ತಗಡಿನ ತುದಿ ಬುಡದ ಅಂಚಿಗೆ ಸುಮ್ನೆ ತಾಗಿದಂತಿದ್ದರೆ ವಾಪಸ್ ಇಡಿ, ಪೂರ್ತಿ ದಪ್ಪ ಹಿಂದೆ ಕೂತಿರಬೇಕು. ಮುಚ್ಚುವಾಗ ತಗಡನ್ನು ಸರಿಸುವ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ. ಅಲಗು ಸ್ವಲ್ಪ ಮಡಚಿದ ಕೂಡಲೇ ಬೆರಳು ತೆಗೆಯಿರಿ.

ಹಂತ 3: ಕ್ಯಾರೆಟ್ ಕೊಯ್ದು ನೋಡಿ

ಮನೆಯಲ್ಲಿ ಗೆಳೆಯರ ಚಾಕು ತಂದು ಹೋಲಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ದಪ್ಪನೆಯ ಕ್ಯಾರೆಟ್ಟಿಗೆ ಒಪಿನೆಲ್ ಇಟ್ಟರೆ ಸದ್ದಿಲ್ಲದೆ ಇಳಿಯುತ್ತದೆ. ಅದರ ಅಲಗು 2 ಮಿ.ಮೀ.ಗಿಂತ ತೆಳು. ಮೂರು ಮಿ.ಮೀ. ಮೀರಿದ ಟ್ಯಾಕ್ಟಿಕಲ್ ಚಾಕು ಅರ್ಧ ಇಳಿಯುವಷ್ಟರಲ್ಲಿ ‘ಟಕ್’ ಎಂದು ಕ್ಯಾರೆಟ್ಟನ್ನೇ ಸೀಳುತ್ತದೆ. ಅದು ಕೊಯ್ಯುವುದಕ್ಕಿಂತ ಬೆಣೆ ಹೊಡೆದ ಹಾಗೆ ಕೆಲಸ ಮಾಡುತ್ತದೆ. ಉಕ್ಕಿನ ಹೆಸರಿಗೆ ದುಡ್ಡು ಸುರಿಯುವ ಮೊದಲು ಈ ದಪ್ಪವನ್ನು ಗಮನಿಸಿ.

ಹಂತ 4: ತುಕ್ಕು, ಮಳೆಗಾಲ

ಒಪಿನೆಲ್ ಎರಡು ಬಗೆಯಲ್ಲಿ ಬರುತ್ತದೆ. ಕಾರ್ಬನ್ ಉಕ್ಕಿನದು ಬೇಗ ಸಾಣೆಗೆ ಬರುತ್ತದೆ, ಆದರೆ ಮಾವಿನಕಾಯಿ, ನಿಂಬೆ ಕೊಯ್ದು ಒರೆಸದೆ ಇಟ್ಟರೆ ಕಪ್ಪಾಗುತ್ತದೆ, ಆಮೇಲೆ ತುಕ್ಕು. ಮಲೆನಾಡು, ಕರಾವಳಿಯವರು ಸ್ಟೇನ್‌ಲೆಸ್ ತೆಗೆದುಕೊಳ್ಳುವುದೇ ವಾಸಿ. ಆದರೂ ಮರದ ಹಿಡಿ ತೇವ ಕುಡಿದು ಉಬ್ಬುತ್ತದೆ. ಆಗ ಅಲಗನ್ನು ಉಗುರಿನಿಂದ ಎಬ್ಬಿಸುವುದು ಕಷ್ಟ. ಬಳೆಯ ಸೀಳನ್ನು ಅಲಗಿನ ನೇರಕ್ಕೆ ತಂದು, ಹಿಡಿಯ ಹಿಂತುದಿಯನ್ನು ಮೇಜಿಗೆ ಮೆಲ್ಲಗೆ ಕುಟ್ಟಿದರೆ ಅಲಗಿನ ತುದಿ ಹೊರಗೆ ಇಣುಕುತ್ತದೆ. ಫ್ರಾನ್ಸಿನ ಹಳ್ಳಿಗರದ್ದೂ ಇದೇ ಉಪಾಯ.

ಕ್ಲೈಂಬರ್‌ನ ಉಕ್ಕು ಮೆತ್ತಗಿನ ಸ್ಟೇನ್‌ಲೆಸ್. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ಸಾಣೆಕಲ್ಲು ಇಲ್ಲದಿದ್ದರೆ ಪಿಂಗಾಣಿ ಕಪ್ಪಿನ ತಳದ ಒರಟು ಅಂಚಿನ ಮೇಲೆ ಸುಮಾರು 20 ಡಿಗ್ರಿ ಓರೆಯಲ್ಲಿ ಎಳೆದರೂ ಸಾಕು.

ನನ್ನನ್ನು ಕೇಳಿದರೆ ದಿನದ ಜೇಬಿಗೆ ಕ್ಲೈಂಬರ್. ಕಾರಣ ಅದರ ಕತ್ತರಿ. ಹಾಲಿನ ಪ್ಯಾಕೆಟ್ಟು, ಮಾತ್ರೆ ಪಟ್ಟಿ, ಉಗುರು, ದಾರ ಎಲ್ಲಕ್ಕೂ ಕೈ ಅದಕ್ಕೇ ಹೋಗುತ್ತದೆ. ಬಿರಡೆ ತೆಗೆಯುವ ಸುರುಳಿ 1897ರ ಮೂಲ ಚಾಕುವಿನಿಂದ ಬಂದ ಪಳೆಯುಳಿಕೆ, ಬಿಗಿದ ಗಂಟು ಬಿಡಿಸಲು ಮಾತ್ರ ಒದಗುತ್ತದೆ. ಹಣ್ಣು, ಬ್ರೆಡ್ಡು ಹೆಚ್ಚು ಕೊಯ್ಯುವವರಿಗೆ ಒಪಿನೆಲ್. ಮೂರನೆಯದು ಜೇಬು ಜೋತುಬೀಳಿಸುತ್ತದೆ, ಬಸ್ಸಿನಲ್ಲಿ ತೆಗೆದರೆ ಪಕ್ಕದವರು ಎದ್ದು ಹೋಗುತ್ತಾರೆ.

ಹಂತ 5: ಕಾನೂನು, ಪ್ರಯಾಣ

ನಮ್ಮ ಆಯುಧ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಆಯುಧಗಳನ್ನು ಗಮನಿಸುತ್ತವೆ. ಮನೆ, ಬೇಸಾಯದ ಉಪಕರಣಗಳಿಗೆ ವಿನಾಯಿತಿ ಇದೆ. ಗುಂಡಿ ಒತ್ತಿದರೆ ಚಿಮ್ಮುವ ಚಾಕುವಿನ ಸಹವಾಸ ಬೇಡ. ಇಂಗ್ಲೆಂಡಿನಲ್ಲಿರುವ ಮಗನಿಗೋ ಅಳಿಯನಿಗೋ ಕೊಡುವುದಿದ್ದರೆ ಕ್ಲೈಂಬರೇ ಸರಿ. ಅಲ್ಲಿ ಲಾಕ್ ಆಗುವ ಚಾಕುವನ್ನು ಸರಿಯಾದ ಕಾರಣವಿಲ್ಲದೆ ಹೊರಗೆ ಒಯ್ಯುವಂತಿಲ್ಲ. ಲಾಕ್ ಇಲ್ಲದ, 3 ಇಂಚು ಮೀರದ ಮಡಚುವ ಚಾಕುವಿಗೆ ಅಡ್ಡಿಯಿಲ್ಲ. ವಿಮಾನ ಹತ್ತುವುದಿದ್ದರೆ ಹಿಂದಿನ ರಾತ್ರಿಯೇ ಚೆಕ್-ಇನ್ ಬ್ಯಾಗಿಗೆ ಹಾಕಿಬಿಡಿ. ಕೈಚೀಲದಲ್ಲಿ ಉಳಿದರೆ ತಪಾಸಣೆಯಲ್ಲೇ ಬಿಟ್ಟು ಹೋಗಬೇಕಾಗುತ್ತದೆ.