ಕತ್ತಿನಿಂದ ಬರುವ ತಲೆನೋವು: ನಾನು ನೋಡುವ ರೀತಿ

ನಾನು ಕೈರೋಪ್ರಾಕ್ಟರ್, ಅಂದರೆ ಬೆನ್ನುಮೂಳೆ, ಕೀಲುಗಳ ನೋವಿಗೆ ಕೈಯಿಂದಲೇ ಚಿಕಿತ್ಸೆ ಕೊಡುವುದು ನನ್ನ ಕೆಲಸ. ಕುತ್ತಿಗೆ ನೋವು, ಅದರ ಜೊತೆಗೆ ತಲೆನೋವು ಅಂತ ಬರುವವರೇ ನನ್ನಲ್ಲಿ ಜಾಸ್ತಿ. ಬಂದವರಲ್ಲಿ ಹೆಚ್ಚಿನವರು ಕೇಳುವುದು ಒಂದೇ: "ಒಂದ್ಸಲ ಟಕ್ ಅನ್ನಿಸಿಬಿಡಿ ಡಾಕ್ಟ್ರೇ, ಸರಿಹೋಗುತ್ತೆ." ನಾನು ಕೈ ಹಾಕುವುದಿಲ್ಲ. ಮೊದಲು ಕೂರಿಸಿ ಮಾತಾಡಿಸುತ್ತೇನೆ. ಈ ನೋವು ಕತ್ತಿನದೇ ಹೌದಾ ಅನ್ನುವುದು ತಿಳಿಯದೆ ಮುಂದಕ್ಕೆ ಹೋಗಿ ಪ್ರಯೋಜನವಿಲ್ಲ.

ಕತ್ತಿನ ತಲೆನೋವಿಗೆ ಅದರದೇ ಜಾಡು ಇದೆ. ಸಾಮಾನ್ಯವಾಗಿ ಹೆಡತಲೆಯಲ್ಲಿ ಶುರುವಾಗಿ, ಒಂದೇ ಪಕ್ಕದಲ್ಲಿ ಮೇಲೇರಿ, ಕಣ್ಣಿನ ಸುತ್ತ ಬಂದು ನಿಲ್ಲುತ್ತದೆ. ಕತ್ತು ತಿರುಗಿಸಿದರೆ, ತುಂಬಾ ಹೊತ್ತು ಬಗ್ಗಿಸಿಕೊಂಡು ಕೂತರೆ ಕೆರಳುತ್ತದೆ. ಹಿಂದೆ ಹುಟ್ಟಿದ ನೋವು ಮುಂದೆ ಯಾಕೆ ಕಾಣಿಸುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಕತ್ತಿನ ಮೇಲ್ಭಾಗದ ಮೂರು ನರಗಳೂ, ಹಣೆ ಮತ್ತು ಮುಖದ ನೋವನ್ನು ತಿಳಿಸುವ ಟ್ರೈಜೆಮಿನಲ್ ನರವೂ ಮಿದುಳಿನ ಬುಡದಲ್ಲಿ ಒಂದೇ ಕಡೆ ಸೇರುತ್ತವೆ. ಅಲ್ಲಿ ಬಂದ ಸುದ್ದಿ ಯಾವ ಕಡೆಯದು ಅಂತ ಮಿದುಳಿಗೆ ಸರಿಯಾಗಿ ಬಿಡಿಸಲು ಆಗುವುದಿಲ್ಲ. ಅದಕ್ಕೇ ಕಣ್ಣು ನೋಯುತ್ತಿದೆ ಅನ್ನಿಸುತ್ತದೆ.

ಮೈಗ್ರೇನ್ ಬೇರೆ ಜಾತಿ. ಮಿಡಿಯುವ ನೋವು, ವಾಕರಿಕೆ, ಬೆಳಕು ಕಂಡರೆ ಆಗದಿರುವುದು ಅದರ ಗುರುತು. ಆದರೆ ಮೈಗ್ರೇನ್ ಬಂದಾಗಲೂ ಎಷ್ಟೋ ಜನರಿಗೆ ಕತ್ತು ಬಿಗಿಯುತ್ತದೆ, ಅದಕ್ಕೇ ಕತ್ತಿನಿಂದಲೇ ಬಂತು ಅಂದುಕೊಳ್ಳುತ್ತಾರೆ. ಮಾತ್ರೆಯ ಲೆಕ್ಕವನ್ನೂ ನಾನು ತಪ್ಪದೆ ಕೇಳುತ್ತೇನೆ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವನ್ನು ಉಳಿಸಿಕೊಂಡು ಹೋಗಬಹುದು. ಅಂಥವರ ಕತ್ತನ್ನು ಎಷ್ಟು ಒತ್ತಿದರೂ ನೋವು ಪೂರ್ತಿ ಬಿಡುವುದಿಲ್ಲ.

ಇನ್ನು ಕೆಲವರ ಕತ್ತನ್ನು ನಾನು ಮುಟ್ಟುವುದೇ ಇಲ್ಲ. ಸಿಡಿಲು ಬಡಿದಂತೆ ಒಮ್ಮೆಗೇ ಬಂದ ತಲೆನೋವು. ಹಿಂದೆಂದೂ ಇಲ್ಲದಂಥ ಹೊಸ ಕತ್ತು ನೋವಿನ ಜೊತೆ ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಮುಖ ಜೋಮು ಹಿಡಿಯುವುದು, ನಡೆಯುವಾಗ ತೂರಾಡುವುದು. ಇವರನ್ನು ಸೀದಾ ಆಸ್ಪತ್ರೆಗೆ ಕಳಿಸುತ್ತೇನೆ. ಕತ್ತಿನ ರಕ್ತನಾಳದ ಒಳಪದರ ಹರಿದಾಗ ಶುರುವಿನಲ್ಲಿ ಬರೀ ಕುತ್ತಿಗೆ ನೋವು, ತಲೆನೋವು ಮಾತ್ರ ಇರಬಹುದು. ಆಗ ಕತ್ತನ್ನು ಜೋರಾಗಿ ತಿರುಗಿಸಿದರೆ ಪಾರ್ಶ್ವವಾಯು ಆಗುವ ಅಪಾಯವಿದೆ. ಅಪರೂಪ ನಿಜ, ಆದರೆ ಹಾಗೇನಾದರೂ ಆಯಿತೆಂದರೆ ಜೀವಕ್ಕೇ ಕುತ್ತು. ಈ ಮಾತನ್ನು ನನ್ನ ಬಳಿ ಬರುವ ಎಲ್ಲರಿಗೂ ಮೊದಲೇ ಹೇಳಿ, ಒಪ್ಪಿಗೆ ಪಡೆದೇ ಮುಂದುವರಿಯುತ್ತೇನೆ. ರುಮಟಾಯ್ಡ್ ಸಂಧಿವಾತ ಇರುವವರಿಗೆ ಕತ್ತಿನ ಮೇಲಿನ ಎರಡು ಮೂಳೆಗಳ ನಡುವಿನ ಕಟ್ಟು ಸಡಿಲವಾಗಿರಬಹುದು. ಅವರಿಗೂ ಝಟಕಾ ಕೊಡುವಂತಿಲ್ಲ.

ಇಷ್ಟೆಲ್ಲ ಆದ ಮೇಲೆ ಪರೀಕ್ಷೆ. ಅಂಗಾತ ಮಲಗಿಸಿ, ಗದ್ದ ಎದೆಗೆ ತಾಗುವಷ್ಟು ತಲೆಯನ್ನು ಮಡಿಸಿ, ಹಾಗೇ ಹಿಡಿದು ನಿಧಾನಕ್ಕೆ ಎಡಕ್ಕೆ, ಬಲಕ್ಕೆ ತಿರುಗಿಸುತ್ತೇನೆ. ಹೀಗೆ ಮಡಿಸಿದಾಗ ಕೆಳಗಿನ ಕೀಲುಗಳು ಬಿಗಿಯಾಗಿ ನಿಂತುಬಿಡುತ್ತವೆ. ತಿರುಗುವುದು ಹೆಚ್ಚಾಗಿ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಮಾತ್ರ. ಸಾಮಾನ್ಯವಾಗಿ ಒಂದೊಂದು ಪಕ್ಕಕ್ಕೂ ಸುಮಾರು 44 ಡಿಗ್ರಿ ತಿರುಗುತ್ತದೆ. ಒಂದು ಕಡೆ 30ರ ಆಸುಪಾಸಿಗೇ ನಿಂತು, "ಹಾಂ, ಅದೇ ನೋವು" ಅಂತ ಅವರೇ ಹೇಳಿದರೆ ನನಗೆ ದಾರಿ ಸಿಕ್ಕಿತು.

ಶುರುವಿಗೆ ನಾನು ಟಕ್ ಅನ್ನಿಸುವುದಿಲ್ಲ. ಹೆಬ್ಬೆರಳಿನಿಂದ ಆ ಕೀಲನ್ನು ಮೆಲ್ಲಗೆ, ಲಯದಲ್ಲಿ ಒತ್ತುತ್ತೇನೆ. ತಲೆಬುರುಡೆಯ ಕೆಳಗಿನ ಚಿಕ್ಕ ಸ್ನಾಯುಗಳ ಮೇಲೆ ಬೆರಳ ತುದಿ ಇಟ್ಟು, ತಲೆಯ ಭಾರ ತಾನಾಗಿ ಅದರ ಮೇಲೆ ಇಳಿಯಲು ಬಿಡುತ್ತೇನೆ. ಬಿಗಿ ಕರಗುವುದು ಬೆರಳಿಗೇ ಗೊತ್ತಾಗುತ್ತದೆ. ಆ ಟಕ್ ಅನ್ನುವ ಸದ್ದು ಇದೆಯಲ್ಲ, ಅದು ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆ ಉಂಟಾಗುವುದರಿಂದ ಬರುವುದು, ಬೆರಳ ನೆಟಿಕೆ ಮುರಿದಾಗ ಬರುತ್ತದಲ್ಲ, ಅದೇ. ಮೂಳೆ ತನ್ನ ಜಾಗಕ್ಕೆ ಬಂದು ಕೂತ ಸದ್ದಲ್ಲ. 1895ರಲ್ಲಿ ಡಿ.ಡಿ. ಪಾಮರ್ ಈ ಪದ್ಧತಿ ಶುರುಮಾಡಿದಾಗ ಮೂಳೆ ಜರುಗಿದ್ದರಿಂದಲೇ ರೋಗ ಅಂತ ನಂಬಿದ್ದರು. ಇವತ್ತಿಗೂ ಕೆಲವರು ಹಾಗೇ ಹೇಳುತ್ತಾರೆ. ನಾನು ಹೇಳುವುದಿಲ್ಲ. ಕತ್ತಿನ ಮೂಳೆ ಜರುಗಿದೆ ಅಂತ ಕೇಳಿಸಿಕೊಂಡವರು ತಲೆ ತಿರುಗಿಸಲೂ ಹೆದರಿ ಕೂರುತ್ತಾರೆ. ಆ ಹೆದರಿಕೆಯಿಂದ ನೋವು ಇನ್ನೂ ಬಲಿಯುತ್ತದೆ.

ಕೈಯಿಂದ ಸಿಕ್ಕ ಆರಾಮ ಉಳಿಯಬೇಕಾದರೆ ಕತ್ತಿನ ಮುಂಭಾಗದ ಒಳಸ್ನಾಯುಗಳಿಗೆ ಕೆಲಸ ಕೊಡಬೇಕು. ಅಂಗಾತ ಮಲಗಿ, ತಲೆ ಎತ್ತದೆ, "ಹೂಂ" ಅನ್ನುವಷ್ಟು ಮಾತ್ರ ಗದ್ದವನ್ನು ಒಳಕ್ಕೆ ಎಳೆಯಬೇಕು. ಹತ್ತು ಸೆಕೆಂಡ್ ಹಿಡಿದು ಬಿಡಬೇಕು. ಕತ್ತಿನ ಮುಂದೆ ಎರಡು ಬೆರಳು ಇಟ್ಟುಕೊಂಡು ನೋಡಿ. ಹೊರಗಿನ ದಪ್ಪ ಸ್ನಾಯು ಹಗ್ಗದ ಹಾಗೆ ಎದ್ದು ಬಂದರೆ ನೀವು ಜಾಸ್ತಿ ಬಲ ಹಾಕುತ್ತಿದ್ದೀರಿ ಅಂತ. ಅರ್ಧ ಬಲ ಸಾಕು. ಮೊದಲ ದಿನ ಎಲ್ಲರೂ "ಇದೇನು ವ್ಯಾಯಾಮ, ಏನೂ ಆಗ್ತಾನೇ ಇಲ್ಲ" ಅನ್ನುತ್ತಾರೆ. ನನಗಂತೂ ಇದರ ಮೇಲೆ ತುಂಬಾ ನಂಬಿಕೆ. 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಕತ್ತಿನ ತಲೆನೋವಿನ 200 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಅಲ್ಲಿ ಕೈ ಚಿಕಿತ್ಸೆ, ಇಂಥ ವ್ಯಾಯಾಮ, ಎರಡರಿಂದಲೂ ನೋವು ಕಡಿಮೆಯಾಯಿತು. ವರ್ಷದ ನಂತರವೂ ಆ ಲಾಭ ಉಳಿದಿತ್ತು. ವ್ಯಾಯಾಮ ಕೈವಶವಾದರೆ ನನ್ನ ಹತ್ತಿರ ಪದೇ ಪದೇ ಬರುವ ಅಗತ್ಯವೇ ಇರುವುದಿಲ್ಲ, ಅದೇ ನನಗೂ ಬೇಕು.

ಆರು ವಾರ ಕಳೆದರೂ ತಲೆನೋವಿನ ದಿನಗಳು ಕಡಿಮೆಯಾಗದಿದ್ದರೆ ನಾನು ಚಿಕಿತ್ಸೆ ನಿಲ್ಲಿಸಿ, ನೋಡಿದ್ದನ್ನೆಲ್ಲ ಬರೆದುಕೊಟ್ಟು, ನರರೋಗ ತಜ್ಞರ ಬಳಿ ಕಳಿಸುತ್ತೇನೆ. 50 ದಾಟಿದವರಿಗೆ ಹೊಸದಾಗಿ ಕಣತಲೆ ನೋವು, ಅಗಿಯುವಾಗ ದವಡೆ ನೋವು ಇದ್ದರೆ ಅಷ್ಟು ದಿನವೂ ಕಾಯುವುದಿಲ್ಲ. ಅವತ್ತೇ ವೈದ್ಯರನ್ನು ಕಾಣಿ ಅನ್ನುತ್ತೇನೆ. ಅಲ್ಲಿನ ರಕ್ತನಾಳ ಊದಿಕೊಂಡಿದ್ದರೆ ತಡಮಾಡಿದಷ್ಟೂ ಕಣ್ಣು ಹೋಗುವ ಭಯವಿದೆ.