ಹಬ್ ನಟ್ ಆರಿಸುವುದು: ಕಲಬುರಗಿಯ ಲಾರಿಗಳ ಮೇಲೆ ನನ್ನ ಅನುಭವ

ಗಾಲಿಯ ಹಬ್ ಮತ್ತು ಬೇರಿಂಗನ್ನು ಆಕ್ಸಲ್ ತುದಿಯಲ್ಲಿ ಹಿಡಿದಿಡುವ ಹಬ್ ನಟ್ ತರಲು ಹೋದರೆ ನಾವೆಲ್ಲ ಕೇಳುವುದು ಎರಡೇ ಮಾತು. ಯಾವ ಗಾಡಿದು, ರೇಟ್ ಎಷ್ಟು. ಥ್ರೆಡ್ ಕೂತರೆ ಮುಗೀತು. ನಾನು ಕೆಲವು ವರ್ಷಗಳಿಂದ ಇನ್ನೆರಡು ವಿಷಯ ನೋಡುತ್ತಿದ್ದೇನೆ. ನಟ್ ತಿರುಗದಂತೆ ಹಿಡಿಯುವ ಲಾಕ್ ವಾಷರ್‌ನಲ್ಲಿ ತೂತು ಎಷ್ಟಿವೆ, ನಟ್‌ನ ಮುಖ ಥ್ರೆಡ್‌ಗೆ ಸರಿಯಾಗಿ ಕಾಟಕೋನದಲ್ಲಿ, ಅಂದರೆ 90 ಡಿಗ್ರಿಗೆ, ಇದೆಯಾ. ಹುಮನಾಬಾದ್ ರಿಂಗ್ ರೋಡಿನ ಉಸ್ತಾದರು ಇದೆಲ್ಲ ಟೈಮ್ ಹಾಳು ಅಂದರು. "ಒಂದ್ ಗಾಲಿಗಿ ಇಷ್ಟೊತ್ತು ಯಾಕ್ ಬೇಕ್ರಿ?" ಅಂತ ಗಾಡಿ ಮಾಲೀಕರೂ ಕೇಳಿದರು. ಈಗ ಅದೇ ಉಸ್ತಾದರಲ್ಲಿ ಕೆಲವರು ಕೂದಲೆಳೆಯಷ್ಟು ಆಟ ಅಳೆಯುವ ಡಯಲ್ ಗೇಜ್ ಕೇಳಿಕೊಂಡು ನನ್ನ ಶೆಡ್ಡಿಗೆ ಬರುತ್ತಾರೆ.

ನನ್ನ ಹತ್ತಿರ ಬರುವುದು ಹೆಚ್ಚಾಗಿ ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ಬಲ್ಕರ್‌ಗಳು, ಸುಣ್ಣದ ಕಲ್ಲಿನ ಟಿಪ್ಪರ್‌ಗಳು, ಶಹಾಬಾದ್ ಫರ್ಸಿ ಹೇರುವ ಗಾಡಿಗಳು. ಲೋಡ್ ಜಾಸ್ತಿ, ದೂಳು ಜಾಸ್ತಿ, ಬೇಸಿಗೆ ಬಂತಂದರೆ ಬಿಸಿಲು 43, 44 ಡಿಗ್ರಿ. ಇವುಗಳ ತಕರಾರು ಒಂದೇ ತರಹ. ಆಯಿಲ್ ಸೀಲ್ ಪದೇ ಪದೇ ಹೋಗುತ್ತದೆ, ಹಬ್ ಸುಡುತ್ತದೆ, ಗಾಲಿ ಆಡುತ್ತದೆ. ಎಲ್ಲರೂ ಸೀಲನ್ನು ಬೈಯುತ್ತಾರೆ, ಬೇರಿಂಗನ್ನು ಬೈಯುತ್ತಾರೆ. ನಟ್ ಕಡೆ ಯಾರೂ ನೋಡುವುದಿಲ್ಲ.

ಲೆಕ್ಕ ಬಹಳ ಸುಲಭ. ಥ್ರೆಡ್ ಪಿಚ್ ಒಂದೂವರೆ ಮಿಲಿ ಅಂದರೆ ನಟ್ ಒಂದು ಸುತ್ತು ತಿರುಗಿದಾಗ ಒಂದೂವರೆ ಮಿಲಿ ಸರಿಯುತ್ತದೆ. ಲಾಕ್ ಆಗಲು ಆರೇ ಜಾಗ ಇದ್ದರೆ ಒಂದು ಜಾಗದಿಂದ ಇನ್ನೊಂದಕ್ಕೆ 0.25 ಮಿಲಿ. ಪಿಚ್ ಎರಡು ಮಿಲಿ ಇದ್ದರೆ 0.33. ನಮಗೆ ಬೇಕಾದ ಪ್ಲೇ, ಅಂದರೆ ಬೇರಿಂಗಿಗೆ ಬಿಡುವ ಸಂದಿ, ಎಷ್ಟು? ಅಮೆರಿಕದ ಟ್ರಕ್ ಮೇಂಟೆನೆನ್ಸ್‌ನವರ ಆರ್‌ಪಿ 618 ಎಂಬ ಶಿಫಾರಸು ಪದ್ಧತಿಯಲ್ಲಿ ಇಂಚಿನ ಸಾವಿರ ಭಾಗದಲ್ಲಿ ಒಂದರಿಂದ ಐದು ಭಾಗ. ಅಂದರೆ 0.025ರಿಂದ 0.127 ಮಿಲಿ. ಇಷ್ಟು ಸಣ್ಣ ಸಂದಿಯನ್ನು 0.25ರ ಹೆಜ್ಜೆ ಇಟ್ಟು ಹಿಡಿಯೋಕೆ ಆಗುತ್ತಾ? ಒಂದು ಜಾಗಕ್ಕೆ ಟೈಟ್, ಮುಂದಿನ ಜಾಗಕ್ಕೆ ಲೂಸ್. ಎಂಥ ಕೈ ಇದ್ದರೂ ಅದೇ ಕಥೆ. ಉಸ್ತಾದರ ಕೈಯಲ್ಲಿ ದೋಷವಿಲ್ಲ, ನಟ್ಟೇ ಅವರಿಗೆ ದಾರಿ ಕೊಡುವುದಿಲ್ಲ.

ಹಾಗಾಗಿ ನಾನು ಒಳಗಿನ ನಟ್‌ನಲ್ಲಿ ಪಿನ್ ಇರುವ, ನಡುವೆ ತೂತುಗಳ ವಾಷರ್, ಹೊರಗೆ ಅದನ್ನು ಒತ್ತಿ ನಿಲ್ಲಿಸುವ ಚೆಕ್ ನಟ್ ಬರುವ ಸೆಟ್ಟನ್ನೇ ಹುಡುಕುತ್ತೇನೆ. ತೂತು ಹನ್ನೆರಡಕ್ಕಿಂತ ಕಡಿಮೆ ಇದ್ದರೆ ವಾಪಸ್. ಒಂದೂವರೆ ಪಿಚ್‌ನಲ್ಲಿ ಹನ್ನೆರಡು ತೂತಿಗೆ ಹೆಜ್ಜೆ 0.125 ಆಯಿತು. ಅದೂ ಸಾಲದು ಅನಿಸಿದರೆ ವಾಷರ್ ತಿರುಗಿಸಿ ಹಾಕಿ. ಒಳ್ಳೆಯ ಸೆಟ್‌ನಲ್ಲಿ ವಾಷರ್‌ನ ಒಳಗೆ ಚಾಚಿದ ನಾಲಿಗೆಯನ್ನು ತೂತುಗಳಿಗೆ ಕಾಲು ಹೆಜ್ಜೆ ಸರಿಸಿ ಮಾಡಿರುತ್ತಾರೆ. ಮಗುಚಿದರೆ 0.06 ಸಿಗುತ್ತದೆ. ಇದನ್ನು ನಮ್ಮ ಕಡೆ ಬಹಳ ಜನ ಮಾಡುವುದೇ ಇಲ್ಲ. ಪಿನ್ ಕೂಡದಿದ್ದರೆ ನಟ್ ಅನ್ನೇ ಒಂದಿಷ್ಟು ಎಳೆದು ಕೂಡಿಸುತ್ತಾರೆ. ಬೇರಿಂಗ್ ಸುಡುವುದು ಅಲ್ಲೇ.

ಇನ್ನು ಮುಖದ ವಿಷಯ. ಲೋಕಲ್ ಲೇತ್‌ನಲ್ಲಿ ಮಾಡಿದ ನಟ್ ನೂರೈವತ್ತು, ಇನ್ನೂರಕ್ಕೆ ಸಿಗುತ್ತದೆ. ಒಳ್ಳೆಯದು ನಾನೂರೈವತ್ತರಿಂದ ಆರುನೂರು. ಕಣ್ಣಿಗೆ ಎರಡೂ ಒಂದೇ. ಗುಜರಿಗೆ ಹೋಗುತ್ತಿದ್ದ ಆಕ್ಸಲ್ ಹೌಸಿಂಗ್‌ನಿಂದ ನಟ್ ಕೂರುವ ಥ್ರೆಡ್ ಇರುವ ಸ್ಪಿಂಡಲ್ ತುದಿ ಕೊಯ್ಸಿ ಇಟ್ಟುಕೊಂಡಿದ್ದೇನೆ. ಅದನ್ನು ಪರಿಚಯದವರ ಲೇತ್ ಚಕ್‌ಗೆ ಹಿಡಿದು, ನಟ್ ಏರಿಸಿ, ಮುಖಕ್ಕೆ ಡಯಲ್ ಇಟ್ಟು ನಿಧಾನ ತಿರುಗಿಸುತ್ತೇನೆ. ಮುಳ್ಳು 0.05ಕ್ಕಿಂತ ಜಾಸ್ತಿ ಓಡಾಡಿದರೆ ಆ ನಟ್ ಬೇಡ. ಮುಖ ಓರೆ ಇದ್ದರೆ ಅದು ಬೇರಿಂಗಿನ ಒಂದೇ ಬದಿಗೆ ಒತ್ತುತ್ತದೆ. ಲೋಡ್ ಬಿದ್ದ ಮೇಲೆ ಒತ್ತಿದ ಜಾಗ ಸವೆದು ಪ್ಲೇ ಬೆಳೆಯುತ್ತದೆ. ನಟ್‌ಗೂ ಸ್ಪಿಂಡಲ್‌ಗೂ ಇರುವ ಥ್ರೆಡ್ ಸಡಿಲನ್ನು ಅಳತೆಗೆ ಮುಂಚೆ ತೆಗೆಯಬೇಕು. ಅದನ್ನು ಹೇಗೆ ತೆಗೆಯುತ್ತೇನೆ ಅನ್ನೋದು ಶೆಡ್ಡಿನ ಗುಟ್ಟು, ಇಲ್ಲಿ ಬರೆಯಲ್ಲ.

ಲೋಕಲ್ ನಟ್ ಹತ್ತರಲ್ಲಿ ನಾಲ್ಕೈದು ಇದರಲ್ಲೇ ಫೇಲ್ ಆಗಿದ್ದವು. ಹೈದರಾಬಾದ್ ಆಟೋನಗರದಿಂದ ತರಿಸಿದವುಗಳಲ್ಲೂ ಒಂದೋ ಎರಡೋ. ಡಬ್ಬಿ ಚಂದ ಇದ್ದ ಮಾತ್ರಕ್ಕೆ ನಂಬಬೇಡಿ.

ನಟ್ ಬಿಟ್ಟು ಬೇರೆ ದಾರಿ ಹುಡುಕಿದ್ದೂ ಇದೆ. ಥ್ರೆಡ್‌ಗೆ ಅಂಟು ಹಾಕಿ ನೋಡಿದೆ. ಅದು ಹಿಡಿಯಬೇಕಾದರೆ ಥ್ರೆಡ್ ಎಣ್ಣೆ ಇಲ್ಲದೆ ಒಣಗಿರಬೇಕು. ಹಿಂದಿನ ಗಾಲಿಯ ಹಬ್‌ನಲ್ಲಿ ಡಿಫರೆನ್ಷಿಯಲ್ ಆಯಿಲ್ ಹರಿದು ಬರುವಾಗ ಅದೆಲ್ಲಿ ಸಾಧ್ಯ? ಆಮೇಲೆ ಸೀಳು ನಟ್. ಹಳೆಯ ಮರ್ಸಿಡಿಸ್ ಕಾರಿನ ಮುಂದಿನ ಹಬ್‌ನಲ್ಲಿ ಸೀಳಿರುವ ನಟ್‌ಗೆ ಅಡ್ಡ ಬೋಲ್ಟ್ ಬಿಗಿದು ಲಾಕ್ ಮಾಡುತ್ತಾರೆ. ಎಲ್ಲಿ ಬೇಕೋ ಅಲ್ಲೇ ನಿಲ್ಲುತ್ತದೆ, ಹೆಜ್ಜೆಯ ಕಾಟವೇ ಇಲ್ಲ. ಆಸೆಯಾಯಿತು. ದಪ್ಪ ಕಬ್ಬಿಣದಲ್ಲಿ ಟ್ರೇಲರ್ ಅಳತೆಗೆ ಮಾಡಿಸಿದೆ, ಎರಡು ಸಾವಿರದ ಹತ್ತಿರ ಖರ್ಚಾಯಿತು. ಅಡ್ಡ ಬೋಲ್ಟ್ ಬಿಗಿದ ಕೂಡಲೇ ಮುಖ ಒಂದು ಕಡೆ ಎದ್ದಿತು, ಡಯಲ್‌ನಲ್ಲಿ ಸ್ಪಷ್ಟ ಕಂಡಿತು. ರೋಡಿಗೆ ಬಿಡಲೇ ಇಲ್ಲ. ಸ್ಟೀಲ್ ಬೇರೆ, ಸೀಳು ಬೇರೆ ಮಾಡಿಸಿ ಇನ್ನೊಮ್ಮೆ ನೋಡುವ ಮನಸ್ಸಿದೆ.

ಉಳಿ ಹೊಡೆದು ಲಾಕ್ ಮಾಡುವುದು, ವೆಲ್ಡಿಂಗ್ ಚುಕ್ಕೆ ಇಡುವುದು, ಇದಕ್ಕೆ ನನ್ನ ಶೆಡ್ಡಿನಲ್ಲಿ ಜಾಗವಿಲ್ಲ. ಸ್ಪಿಂಡಲ್ ಥ್ರೆಡ್ ಹೋದರೆ ಲೇತ್, ವೆಲ್ಡಿಂಗ್, ಗಾಡಿ ನಿಂತ ನಷ್ಟ ಎಲ್ಲ ಸೇರಿ ಮೂವತ್ತು ಸಾವಿರ ದಾಟುತ್ತದೆ. ಗಾಲಿ ಕಳಚಿ ಎದುರಿನ ಗಾಡಿಗೆ ಹೊಡೆದರೆ ಆಗುವುದಕ್ಕೆ ಲೆಕ್ಕವೇ ಇಲ್ಲ.

ಬಿಗಿಯುವ ಕ್ರಮ ನಿಮಗೆ ಗೊತ್ತೇ ಇದೆ. ಗಾಲಿ ತಿರುಗಿಸುತ್ತಾ 200 ಅಡಿ-ಪೌಂಡ್, ಒಂದು ಸುತ್ತು ಹಿಂದೆ, ಮತ್ತೆ ತಿರುಗಿಸುತ್ತಾ 50, ಆಮೇಲೆ ಪಿಚ್ ನೋಡಿ ಸ್ವಲ್ಪ ಸಡಿಲ. ಗಾಡಿ ಕಂಪನಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಮೊದಲು. ಪ್ಲೇ ಮೊದಲೇ ಹೊಂದಿಸಿ ಬರುವ ಪ್ರಿಸೆಟ್ ಬೇರಿಂಗ್ ಹಬ್‌ಗಳಿಗೆ ಈ ಕ್ರಮ ಹಚ್ಚಲೇಬೇಡಿ. ನಾನು ಒತ್ತಿ ಹೇಳುವುದು ಒಂದೇ, ಚೆಕ್ ನಟ್ ಪೂರ್ತಿ ಬಿಗಿದ ಮೇಲೆ ಪ್ಲೇ ಅಳೆಯಿರಿ. ಚೆಕ್ ನಟ್ ಒಳಗಿನ ನಟ್ಟನ್ನು ಥ್ರೆಡ್ ಸಡಿಲಿನಷ್ಟು ಒಳಕ್ಕೆ ತಳ್ಳುತ್ತದೆ. ಮೊದಲು 0.1 ತೋರಿಸಿದ್ದು ಬಿಗಿದ ಮೇಲೆ 0.03 ಆಗಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಎಷ್ಟು ಬಿಟ್ಟು ಶುರು ಮಾಡಬೇಕು ಅನ್ನೋದು ಸೆಟ್‌ನಿಂದ ಸೆಟ್‌ಗೆ ಬೇರೆ. ನನ್ನ ವಹಿಯಲ್ಲಿ ಗಾಡಿವಾರು ಬರೆದಿಟ್ಟಿದ್ದೇನೆ, ಅದು ನನ್ನ ಹತ್ತಿರವೇ ಇರಲಿ.

ಡಯಲ್ ಗೇಜು, ಮ್ಯಾಗ್ನೆಟ್ ಸ್ಟ್ಯಾಂಡು ಸೇರಿ ಮೂರು ಸಾವಿರದ ಒಳಗೆ ಬಂತು. ದೊಡ್ಡ ಟಾರ್ಕ್ ಪಾನಾ ಹಳೆಯದು ಸೊಲ್ಲಾಪುರದಲ್ಲಿ ಸುಮಾರು ಎಂಟು ಸಾವಿರಕ್ಕೆ ಸಿಕ್ಕಿತು. ಬಲ್ಕರ್ ಮಾಲೀಕರೊಬ್ಬರು ಮೊದಲು ಒಂದೇ ಟ್ರೇಲರ್ ಕೊಟ್ಟು ನೋಡಿದರು. ಸೇಡಂನಿಂದ ಲೋಡ್ ಆಗಿ ಬಂದ ಗಾಡಿಯ ಹಬ್‌ಗಳಿಗೆ ಟೆಂಪರೇಚರ್ ಗನ್ ಹಿಡಿದರೆ ನಾನು ಮಾಡಿದವು ಅರವತ್ತರ ಆಸುಪಾಸು, ಅವರ ಬೇರೆ ಟ್ರೇಲರ್‌ನಲ್ಲಿ ಕೆಲವು ತೊಂಬತ್ತು ದಾಟಿದ್ದವು. ನಾಲ್ಕೈದು ತಿಂಗಳಿಗೆ ಸೀಲ್ ಬದಲಿಸುತ್ತಿದ್ದ ಆ ಟ್ರೇಲರ್ ವರ್ಷ ದಾಟಿದರೂ ಸೀಲ್ ಕೇಳಲಿಲ್ಲ. ಆಮೇಲೆ ಅವರ ಎಲ್ಲ ಗಾಡಿಗಳೂ ನನ್ನ ಹತ್ತಿರವೇ ಬಂದವು. ಒಂದು ಗಾಲಿಗೆ ಬೇರೆಯವರಿಗಿಂತ ಇನ್ನೂರು ರೂಪಾಯಿ ಜಾಸ್ತಿ ತಗೊಳ್ಳುತ್ತೇನೆ, ಚೌಕಾಸಿ ಇಲ್ಲ.

ಲಾಕ್ ವಾಷರ್ ಮಾತ್ರ ಪ್ರತಿ ಸಲ ಹೊಸದು ಹಾಕಿ. ನಲವತ್ತು, ಐವತ್ತು ರೂಪಾಯಿಯ ಸಾಮಾನು. ತರುವಾಗ ಹಳೆಯದನ್ನು ಜೊತೆಗೆ ಒಯ್ದು, ಒಂದರ ಮೇಲೊಂದು ಇಟ್ಟು ತೂತು ಎಣಿಸಿ. ನಾಲಿಗೆ ಸ್ಪಿಂಡಲ್‌ನ ಉದ್ದ ಸೀಳಿನಲ್ಲಿ ಅಲುಗಾಡದೆ ಕೂರಬೇಕು. ಅಲ್ಲಿ ಅರ್ಧ ಮಿಲಿ ಆಟ ಇದ್ದರೂ ಆ ವಾಷರ್ ಅಂಗಡಿಯಲ್ಲೇ ಬಿಟ್ಟು ಬನ್ನಿ.