ವೇಗ ತಗ್ಗಿಸಿದ ಮೇಲೆಯೇ ಹಾಡು ದಕ್ಕಿತು

ಕಚೇರಿಯೊಂದರಲ್ಲಿ ದುಡಿದು ಹಳೆಯದಾದ ಲ್ಯಾಪ್‌ಟಾಪ್ ಕೊಂಡು, ಅದರ ವೇಗವನ್ನು ಬೇಕೆಂದೇ ತಗ್ಗಿಸಿ, ಅದರಲ್ಲೇ ಹಾಡು ಮುದ್ರಿಸುತ್ತೇನೆ ಎಂದಾಗ ನನ್ನ ಬಳಗದಲ್ಲಿ ನಗದವರಿಲ್ಲ. "ಪ್ರೊಸೆಸರ್‌ಗೆ ದುಡ್ಡು ಕೊಟ್ಟು ಆಮೇಲೆ ಅದರ ಕೈಕಾಲು ಕಟ್ಟುವುದು ಯಾವ ಜಾಣತನ?" ಎಂದು ಮಿಕ್ಸಿಂಗ್ ಮಾಡುವ ಗೆಳೆಯ ಕೇಳಿದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವನ ಸ್ಟುಡಿಯೋದಲ್ಲಿ ಕಂಪ್ಯೂಟರ್ ಗೋಡೆಯ ಆಚೆ ಇರುತ್ತದೆ, ಎಷ್ಟು ಬೇಕಾದರೂ ಅರಚಿಕೊಳ್ಳಬಹುದು. ನನ್ನದು ಹಾಡುವವರು ಇದ್ದಲ್ಲಿಗೆ ಹೋಗಿ ಮುದ್ರಿಸುವ ಕೆಲಸ. ಮೈಕ್‌ಗೂ ಯಂತ್ರಕ್ಕೂ ನಡುವೆ ಐದಾರು ಅಡಿ ಸಿಕ್ಕರೆ ಅದೇ ಭಾಗ್ಯ. ಎರಡು ವರ್ಷಗಳಲ್ಲಿ ಸುಮಾರು ನಲವತ್ತು ಹಾಡುಗಳು ಹಾಗೆ ಮುಗಿದವು. ಹೋದ ತಿಂಗಳು ಅದೇ ಗೆಳೆಯ "ನಿನ್ನಂಥದ್ದೇ ಇನ್ನೊಂದು ಎಲ್ಲಾದರೂ ಸಿಕ್ಕರೆ ಹೇಳು" ಎಂದ. ಅಂದೇ ಇದನ್ನು ಬರೆಯಬೇಕೆಂದುಕೊಂಡೆ.

ಈ ಬುದ್ಧಿ ಬರುವುದಕ್ಕೆ ಮೊದಲು ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ. ಮೊದಲನೆಯದು ಗೇಮಿಂಗ್ ಲ್ಯಾಪ್‌ಟಾಪ್. ಎಲ್ಲರೂ ಹೇಳಿದ್ದು ಅದನ್ನೇ: ಹೆಚ್ಚು ಕೋರ್, ಹೆಚ್ಚು ವ್ಯಾಟ್, ಪ್ಲಗಿನ್‌ಗಳು (ಮುದ್ರಣದ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ದನಿ ತಿದ್ದುವ ಸಲಕರಣೆಗಳು) ನೀರು ಕುಡಿದ ಹಾಗೆ ಓಡುತ್ತವೆ ಎಂದು. ಓಡಿದವು ನಿಜ. ಆದರೆ ಮೊದಲ ಹೊರಗಿನ ಮುದ್ರಣದಲ್ಲೇ ಹಾಡುತ್ತಿದ್ದವರು ನಡುವೆ ನಿಲ್ಲಿಸಿ ಹೆಡ್‌ಫೋನ್ ತೆಗೆದರು. "ನನ್ನ ಹಿಂದೆ ಯಾರೋ ನಿಂತು ಉಸಿರು ಬಿಡುತ್ತಿದ್ದಾರೆ" ಎಂದರು. ಯಾರೂ ಇರಲಿಲ್ಲ, ಇದ್ದದ್ದು ಫ್ಯಾನ್. ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್, ಅದರ ಮೇಲೆ ಹೆಡ್‌ಫೋನಿಗೆಂದು ಹಾಕಿದ, ಜೋರು ದನಿಯನ್ನು ಅದುಮಿ ಹಿಡಿಯುವ ಕಂಪ್ರೆಸರ್. ಅವರು ಸುಮ್ಮನಾದಾಗಲೆಲ್ಲ ಕಂಪ್ರೆಸರ್ ಹಿಡಿತ ಬಿಡುತ್ತಿತ್ತು, ಫ್ಯಾನಿನ ಸದ್ದು ಮೇಲೇಳುತ್ತಿತ್ತು. ಅದೂ ಒಂದೇ ಸಮನೆ ಬರುವ ಸದ್ದಾಗಿದ್ದರೆ ಹೇಗೋ ತೆಗೆಯಬಹುದಿತ್ತು. ಇದು ಏರುತ್ತದೆ, ಇಳಿಯುತ್ತದೆ, ಪಲ್ಲವಿಗೊಂದು ಶ್ರುತಿ, ಚರಣಕ್ಕೊಂದು. ಸದ್ದು ಅಳಿಸುವ ಪ್ಲಗಿನ್ ಹಾಕಿದೆ. ಫ್ಯಾನಿನ ಜೊತೆಗೆ ಸಕಾರ, ಶಕಾರಗಳ ಅಂಚೂ ಹೋಗಿ, ಗಂಟಲಿಗೆ ಹತ್ತಿ ತುರುಕಿದಂತಾಯಿತು. ಅಂದಿನ ಆರು ಟೇಕ್‌ಗಳಲ್ಲಿ ಒಂದೂ ಉಳಿಯಲಿಲ್ಲ.

ಅದರ ಮೇಲೆ ಬ್ಯಾಟರಿ. ಗಂಟೆ, ಗಂಟೆಕಾಲಿಗೆ ಮುಗಿಯುತ್ತಿತ್ತು. ಚಾರ್ಜರ್ ಹಾಕಿದರೆ ಪಿಟೀಲಿನ ಪಿಕಪ್‌ನಿಂದ ಬರುವ ಲೈನಿನಲ್ಲಿ ಗುಂಯ್ ಎನ್ನುವ ಹಮ್, ಅದರ ಮೇಲೊಂದು ಕಿರಿಕಿರಿ ಸೀಟಿ. ಟಚ್‌ಪ್ಯಾಡ್ ಮೇಲೆ ಬೆರಳಾಡಿಸಿದರೆ ಸೀಟಿಯ ಸ್ವರವೇ ಬದಲಾಗುತ್ತಿತ್ತು. ಗ್ರೌಂಡ್ ಲೂಪ್ (ಅರ್ಥಿಂಗ್ ಎರಡು ದಾರಿಯಲ್ಲಿ ಸೇರಿ ಸುತ್ತುಗಟ್ಟುವುದು) ಎಂದು ನಿಮಗೆ ಗೊತ್ತು, ನನಗೂ ಗೊತ್ತಿತ್ತು. ಆ ಸುತ್ತನ್ನು ಕಡಿಯುವ ಗ್ರೌಂಡ್ ಲಿಫ್ಟ್ ಇರುವ ಡಿಐ ಬಾಕ್ಸ್ (ವಾದ್ಯದ ಲೈನನ್ನು ಮುದ್ರಣಕ್ಕೆ ಹೊಂದಿಸುವ ಪೆಟ್ಟಿಗೆ) ಹಾಕಿದರೆ ಹೋಗುತ್ತದೆ ಎಂಬುದೂ ಗೊತ್ತಿತ್ತು. ಆದರೆ ಹೊತ್ತೊಯ್ಯುವ ಚೀಲಕ್ಕೆ ಚಾರ್ಜರಿನ ಇಟ್ಟಿಗೆ, ಡಿಐ ಬಾಕ್ಸ್, ಇನ್ನೆರಡು ಕೇಬಲ್ ಎಂದು ಸೇರಿಸುತ್ತ ಹೋದರೆ ಅದನ್ನು ಸಂಚಾರಿ ಮುದ್ರಣ ಎನ್ನುವುದು ಹೇಗೆ? ಎಂಟು ತಿಂಗಳಿಗೆ ಮಾರಿದೆ. ಕೊಟ್ಟ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂತು, ಅಷ್ಟೇ.

ಆ ಸಿಟ್ಟಿನಲ್ಲಿ ತೀರಾ ಎದುರು ದಿಕ್ಕಿಗೆ ಹೋಗಿ ಫ್ಯಾನೇ ಇಲ್ಲದ ಒಂದು ತೆಳು ಲ್ಯಾಪ್‌ಟಾಪ್ ತಂದೆ. ಕಲ್ಲಿನಂಥ ಮೌನ. ಆದರೆ ರ‍್ಯಾಮ್ 4 ಜಿಬಿ, ಅದೂ ಬೋರ್ಡಿಗೇ ಬೆಸೆದದ್ದು. ಮುದ್ರಣಕ್ಕೆ ಅದು ಸಾಲದು ಎನ್ನುವುದು ಸುಳ್ಳು: 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೊನೊ ಟ್ರ್ಯಾಕ್ ನಿಮಿಷಕ್ಕೆ ಒಂಬತ್ತು ಎಂಬಿ ಕೂಡ ಆಗುವುದಿಲ್ಲ, ಎಂಟು ಟ್ರ್ಯಾಕ್ ಒಂದು ಗಂಟೆ ಓಡಿದರೂ ನಾಲ್ಕು ಜಿಬಿ ಚಿಲ್ಲರೆ, ಅದೂ ಡಿಸ್ಕಿಗೆ ಹೋಗುವಂಥದ್ದು. ಸೋತದ್ದು ಹಾಡು ಕಟ್ಟುವಾಗ. ಸ್ಯಾಂಪಲ್ ಮಾಡಿದ ಪಿಯಾನೊ ಒಂದನ್ನು ತೆರೆದು, ಪಕ್ಕದಲ್ಲಿ ಸಾಹಿತ್ಯದ ಕಡತ ಇಟ್ಟುಕೊಂಡರೆ ಸಾಕು, ಎರಡನೇ ಸ್ವರಗುಚ್ಛ (ಕಾರ್ಡ್) ನುಡಿಸುವ ಹೊತ್ತಿಗೆ ಸ್ವರಗಳು ತಡವರಿಸುತ್ತಿದ್ದವು. ಇದ್ದದ್ದು ಒಂದೇ ಯುಎಸ್‌ಬಿ ಕಿಂಡಿ. ಹಬ್ ಹಾಕಿ ಇಂಟರ್‌ಫೇಸ್ (ಮೈಕಿನ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ), ಸ್ವರ ನುಡಿಸುವ ಮಿಡಿ ಕೀಬೋರ್ಡ್ ಎರಡನ್ನೂ ಸಿಕ್ಕಿಸಿದೆ. ಎರಡು ಮೈಕ್‌ಗೆ ಅವು ನಡೆಯಲು ಬೇಕಾದ 48 ವೋಲ್ಟ್ ಫ್ಯಾಂಟಮ್ ಕರೆಂಟು ಕೊಟ್ಟ ಕೂಡಲೇ ಇಂಟರ್‌ಫೇಸ್ ಮಂಕಾಗಿ ಮಾಯ. ಯುಎಸ್‌ಬಿ 2.0 ಕಿಂಡಿಯ ಲೆಕ್ಕ 500 ಮಿಲಿಆ್ಯಂಪ್. ಆ ಹಬ್ ಅದನ್ನೇ ತನ್ನನ್ನೂ ಸೇರಿಸಿ ಮೂರು ಜನಕ್ಕೆ ಹಂಚುತ್ತಿತ್ತು. ಇದನ್ನು ಮಾರಲಿಲ್ಲ. ಈಗಲೂ ಟಿಪ್ಪಣಿ ಬರೆಯಲು ಇದೆ.

ಎರಡೂ ಸೋಲನ್ನು ಎದುರು ಬದುರು ಇಟ್ಟು ನೋಡಿದಾಗ ಹೊಳೆದದ್ದು ಇಷ್ಟು. ಹೊರಗೆ ಹೋದಾಗ ನನಗೆ ಬೇಕಾಗಿರುವುದು ವೇಗವಲ್ಲ. ಸದ್ದಿಲ್ಲದಿರುವುದು, ನಡುವೆ ತಪ್ಪದಿರುವುದು, ಚಾರ್ಜರಿಲ್ಲದೆ ಬಹಳ ಹೊತ್ತು ಬಾಳುವುದು, ಈ ಮೂರು. ವೇಗ ಬೇಕಾಗುವುದು ಮನೆಗೆ ಬಂದು ಮಿಕ್ಸ್ ಮಾಡುವಾಗ, ಅಲ್ಲಿ ಫ್ಯಾನ್ ಕೂಗಿದರೆ ಕೂಗಲಿ.

ಹಾಗೆ ಹುಡುಕುತ್ತ ಸಿಕ್ಕಿದ್ದು ಥಿಂಕ್‌ಪ್ಯಾಡ್ ಟಿ480. 2018ರ ಮಾದರಿ. ಗೇಮಿಂಗ್ ಯಂತ್ರಕ್ಕೆ ಕೊಟ್ಟಿದ್ದರ ಕಾಲು ಭಾಗಕ್ಕಿಂತ ಕಡಿಮೆ ಬೆಲೆಗೆ ಬಂತು. ರ‍್ಯಾಮ್‌ಗೆ ಎರಡು ಕಿಂಡಿ. 16 ಜಿಬಿ ಮಾಡಿಸಿ, ಹೊಸ ಎಸ್‌ಎಸ್‌ಡಿ, ಹೊಸ ಬ್ಯಾಟರಿ ಹಾಕಿದ ಮೇಲೂ ಮೂರನೇ ಒಂದು ಭಾಗ ದಾಟಲಿಲ್ಲ. ಇದರ ಸೊಗಸೆಲ್ಲ ಇರುವುದು ಬ್ಯಾಟರಿಯಲ್ಲಿ. ಒಳಗೊಂದು 24 ವ್ಯಾಟ್-ಅವರ್‌ನದ್ದು, ಹಿಂದೆ ಕಳಚಿ ಹಾಕಬಹುದಾದ ಇನ್ನೊಂದು. ಹಿಂದಿನದಕ್ಕೆ 72 ವ್ಯಾಟ್-ಅವರ್‌ನ ದಪ್ಪ ಬ್ಯಾಟರಿಯೂ ಬರುತ್ತದೆ. ಹಿಂದಿನದು ಖಾಲಿಯಾದರೆ ಯಂತ್ರ ಆರಿಸದೆಯೇ ಅದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಬಹುದು, ಅಷ್ಟು ಹೊತ್ತು ಒಳಗಿನದು ಹಿಡಿದುಕೊಳ್ಳುತ್ತದೆ. ಇಂಟರ್‌ಫೇಸಿಗೂ ಕರೆಂಟು ಕೊಟ್ಟುಕೊಂಡು ನನಗೆ ಆರು ಗಂಟೆಯ ಮೇಲೆ ಬಂದಿದೆ. ಆ ದಪ್ಪ ಬ್ಯಾಟರಿ ಕೆಳಗೆ ಗೂನಿನಂತೆ ಉಬ್ಬಿರುತ್ತದೆ, ನೋಡಲು ಚೆಂದವಿಲ್ಲ. ಆದರೆ ಯಂತ್ರದ ಹಿಂಬದಿ ಎತ್ತರವಾಗಿ ತಳದಲ್ಲಿ ಗಾಳಿಯಾಡುತ್ತದೆ. ಚಾರ್ಜರನ್ನೇ ಬಿಟ್ಟು ಹೋಗುವುದರಿಂದ ಹಮ್ ಎಂಬ ಪೀಡೆ ತಾನಾಗಿಯೇ ತೊಲಗಿತು.

ಈಗ ಕೈಕಾಲು ಕಟ್ಟಿದ ಕಥೆ. ನನ್ನದರಲ್ಲಿ ಐ5-8350ಯು ಪ್ರೊಸೆಸರ್ ಇದೆ. ಅದರ ಮೂಲ ವೇಗ 1.7 ಗಿಗಾಹರ್ಟ್ಸ್, ಕೆಲಸ ಹೆಚ್ಚಾದಾಗ ತಾನಾಗಿಯೇ ವೇಗ ಏರಿಸಿಕೊಳ್ಳುವ ಟರ್ಬೊದಲ್ಲಿ 3.6. ಬಿಸಿಯೆಲ್ಲ ಈ ಏರಿನಲ್ಲೇ, ಫ್ಯಾನ್ ಏಳುವುದೂ ಆಗಲೇ. ವಿಂಡೋಸ್‌ನ ಪವರ್ ಪ್ಲ್ಯಾನ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ನೂರರಿಂದ ತೊಂಬತ್ತೊಂಬತ್ತಕ್ಕೆ ಇಳಿಸಿದರೆ ಟರ್ಬೊ ಸತ್ತುಹೋಗುತ್ತದೆ. ಒಂದೇ ಒಂದು ಅಂಕಿ! ಕನಿಷ್ಠ ಮಿತಿಯನ್ನೂ ಅಲ್ಲಿಗೇ ತಂದು ನಿಲ್ಲಿಸಿದೆ, ವೇಗ ಮೇಲೆ ಕೆಳಗೆ ಜಿಗಿಯುವುದು ನಿಂತು ನಡುನಡುವೆ ಬರುತ್ತಿದ್ದ ಟಿಕ್ ಎಂಬ ಸದ್ದೂ ನಿಂತಿತು. ಇದಕ್ಕೆ 'ಹಾಡು' ಎಂದು ಹೆಸರಿಟ್ಟು ಬೇರೆ ಪ್ಲ್ಯಾನ್ ಮಾಡಿಟ್ಟಿದ್ದೇನೆ. ಮಿಕ್ಸ್ ಮಾಡುವಾಗ ಮಾಮೂಲಿನದಕ್ಕೆ ಹೊರಳುತ್ತೇನೆ. 'ಹಾಡು' ಹಾಕಿ ರೀಪರ್ ಎಂಬ ಮುದ್ರಣದ ತಂತ್ರಾಂಶದಲ್ಲಿ ಎಂಟು ಟ್ರ್ಯಾಕ್ ಮುದ್ರಿಸುವಾಗ ಫ್ಯಾನ್ ಬಹುಪಾಲು ಏಳುವುದೇ ಇಲ್ಲ. ಎದ್ದರೂ ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕಿನ ಬೆನ್ನು ಯಂತ್ರದ ಕಡೆಗಿರುವುದರಿಂದ ಹಾಡಿನೊಳಗೆ ಬರುವುದಿಲ್ಲ.

"1.7ರಲ್ಲಿ ಬಫರ್ ಎಷ್ಟಿಡುತ್ತೀಯ, ಹಾಡುವವರಿಗೆ ವಿಳಂಬ ಕೇಳುವುದಿಲ್ಲವೇ?" ಇದು ಗೆಳೆಯನ ಎರಡನೇ ಬಾಣ. ನಾನು ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಸಾಗಿಸುವ ದನಿಯ ತುಣುಕು) ಇಳಿಸುವ ಗೋಜಿಗೇ ಹೋಗುವುದಿಲ್ಲ, 512 ಸ್ಯಾಂಪಲ್‌ಗಳಲ್ಲಿ ಆರಾಮವಾಗಿರುತ್ತೇನೆ. ಹಾಡುವವರ ಸ್ವಂತ ದನಿ ಇಂಟರ್‌ಫೇಸಿನ ನೇರ ಮಾನಿಟರಿಂಗ್‌ನಿಂದಲೇ ಕಿವಿಗೆ ಹೋಗುತ್ತದೆ, ಕಂಪ್ಯೂಟರನ್ನು ಮುಟ್ಟುವುದಿಲ್ಲ. ಕಂಪ್ಯೂಟರಿನಿಂದ ಹಿಂದೆ ಬರುವುದು ರಿವರ್ಬ್ ಮಾತ್ರ, ಮೂಲ ದನಿಯ ಲವಲೇಶವೂ ಬೆರೆಯದ ಶುದ್ಧ ಪ್ರತಿಧ್ವನಿ. 48 ಕಿಲೋಹರ್ಟ್ಸ್‌ನಲ್ಲಿ 512 ಎಂದರೆ ಹೋಗುವಾಗ ಹತ್ತೂವರೆ ಮಿಲಿಸೆಕೆಂಡು, ಬರುವಾಗ ಅಷ್ಟೇ, ಅದರ ಮೇಲೆ ಚಿಲ್ಲರೆ. ಆ ಇಪ್ಪತ್ತು ಚಿಲ್ಲರೆ ಮಿಲಿಸೆಕೆಂಡು ರಿವರ್ಬ್‌ಗೆ ಪ್ರಿ-ಡಿಲೇ (ದನಿಗೂ ಪ್ರತಿಧ್ವನಿಗೂ ನಡುವೆ ಬೇಕೆಂದೇ ಬಿಡುವ ಅಂತರ) ಆಗಿ ಕೂರುತ್ತದೆ, ಎಲ್ಲರೂ ಪ್ಲಗಿನ್‌ನಲ್ಲಿ ತಿರುಗಿಸಿ ತಿರುಗಿಸಿ ಹಾಕಿಕೊಳ್ಳುವಂಥದ್ದೇ. ನನಗೆ ಪುಕ್ಕಟೆ. ಇದು ನನ್ನ ಶೋಧವೇನಲ್ಲ, ಆದರೆ ನಿಧಾನದ ಯಂತ್ರ ಕೊಳ್ಳುವ ಧೈರ್ಯ ಬಂದದ್ದು ಇದರಿಂದ. ಯಾವ ರಿವರ್ಬ್, ಎಷ್ಟು ಎಂಬುದನ್ನು ಹೇಳುವುದಿಲ್ಲ. ಹಾಡುವವರು ಮತ್ತೆ ಕರೆಯುವುದೇ ಅದಕ್ಕೆ.

ನಡುವೆ ಅತಿಬುದ್ಧಿ ಖರ್ಚು ಮಾಡಿದ್ದೂ ಉಂಟು. ಲೇಟೆನ್ಸಿಮಾನ್ ಎಂಬ ತಂತ್ರಾಂಶ ಓಡಿಸಿ ಯಾವ ಡ್ರೈವರ್ ತಡೆಯೊಡ್ಡುತ್ತಿದೆ ಎಂದು ನೋಡುವ ಚಟ ನಮ್ಮಲ್ಲಿ ಎಲ್ಲರಿಗೂ ಇದೆ. ವೈಫೈ, ಬ್ಲೂಟೂತ್ ಆರಿಸಿದ ಮೇಲೂ ಒಂದು ಮುಳ್ಳು ಉಳಿದಿತ್ತು: ಬ್ಯಾಟರಿಯ ಸ್ಥಿತಿಯನ್ನು ವಿಂಡೋಸ್‌ಗೆ ತಿಳಿಸುವ ಎಸಿಪಿಐ ಡ್ರೈವರ್. ಡಿವೈಸ್ ಮ್ಯಾನೇಜರಿಗೆ ಹೋಗಿ ಅದನ್ನೂ ನಿಷ್ಕ್ರಿಯ ಮಾಡಿದೆ. ಗೆರೆ ಹಸಿರಾಗಿ ನೆಟ್ಟಗಾಯಿತು, ಬೀಗಿದೆ. ಬ್ಯಾಟರಿಯ ಮಟ್ಟ ತೋರಿಸುವ ಗುರುತೂ ಅದರ ಜೊತೆಗೇ ಹೋಗುತ್ತದೆ, ಮುಗಿಯುತ್ತಿದೆ ಎಂಬ ಎಚ್ಚರಿಕೆಯೂ ಬರುವುದಿಲ್ಲ ಎಂಬುದರ ಕಡೆ ಗಮನವಿರಲಿಲ್ಲ. ನಾಲ್ಕನೇ ಹಾಡು, ಅಂದಿನ ಅತ್ಯುತ್ತಮ ಟೇಕ್, ಕೊನೆಯ ಆಲಾಪ. ಪರದೆ ಕಪ್ಪಾಯಿತು. ಹಾಡುತ್ತಿದ್ದವರು ಕಣ್ಣು ಮುಚ್ಚಿಕೊಂಡಿದ್ದರು, ಮುಗಿಸಿಯೇ ಕಣ್ಣು ತೆರೆದರು. "ಬಂತಲ್ಲವೇ?" ಎಂದರು. ನಾನು ತಲೆ ಅಲ್ಲಾಡಿಸಿದೆ, ಹೌದೋ ಅಲ್ಲವೋ ತಿಳಿಯದ ಹಾಗೆ.

ಮನೆಗೆ ಬಂದು ನೋಡಿದರೆ ವೇವ್ ಕಡತ ಇದೆ, ಗಾತ್ರವೂ ಇದೆ, ಆದರೆ ತೆರೆಯುವುದಿಲ್ಲ. ತಲೆಬರಹದಲ್ಲಿ ಇರಬೇಕಾದ ಉದ್ದದ ಲೆಕ್ಕ ಬರೆಯುವ ಮೊದಲೇ ಯಂತ್ರ ಆರಿಹೋಗಿತ್ತು. ಆಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶದಲ್ಲಿ ಕಚ್ಚಾ ದತ್ತಾಂಶವೆಂದು ಆಮದು ಮಾಡಿದೆ. ಕಿವಿ ಹರಿಯುವಂಥ ಕರ್ಕಶ ಸದ್ದು, ಬರೀ ಮರಳು ಸುರಿದ ಹಾಗೆ. ಅರ್ಧ ಗಂಟೆ ತಲೆ ಮೇಲೆ ಕೈ ಹೊತ್ತು ಕುಳಿತಿದ್ದೆ. ಆಮೇಲೆ ನೋಡಿದರೆ 16 ಬಿಟ್ ಎಂದು ಕೊಟ್ಟಿದ್ದೆ. 24 ಬಿಟ್, ಮೊನೊ, 48000 ಎಂದು ಕೊಟ್ಟ ಕೂಡಲೇ ಆ ದನಿ ಎದ್ದು ಬಂತು, ಕೊನೆಯ ಎರಡು ಮೂರು ಸೆಕೆಂಡು ಬಿಟ್ಟು. ಆ ಬಾಲವನ್ನು ಹಿಂದಿನ ಟೇಕಿನಿಂದ ತಂದು ಹೊಲಿದೆ. ಎಲ್ಲಿ ಹೊಲಿದಿದ್ದೇನೆಂದು ಈವರೆಗೆ ಯಾರೂ ಕಂಡುಹಿಡಿದಿಲ್ಲ. ಬ್ಯಾಟರಿ ಡ್ರೈವರನ್ನು ಅಂದೇ ಮರಳಿ ಚಾಲು ಮಾಡಿದೆ. ಆ ಮುಳ್ಳು 512ರ ಬಫರಿಗೆ ಲೆಕ್ಕಕ್ಕೇ ಇಲ್ಲ.

ಯಂತ್ರವನ್ನೇ ಪಕ್ಕದ ಕೋಣೆಗೆ ಅಟ್ಟುವ ಪ್ರಯೋಗವೂ ಆಯಿತು. ಸಾಮಾನ್ಯ ಯುಎಸ್‌ಬಿ 2.0 ಕೇಬಲ್ ಐದು ಮೀಟರ್ ದಾಟುವಂತಿಲ್ಲ, ಹಾಗಾಗಿ ಮೈಕಿನ ಎಕ್ಸ್‌ಎಲ್‌ಆರ್ ಕೇಬಲನ್ನೇ ಹದಿನೈದು ಮೀಟರ್ ಎಳೆದು, ರೀಪರ್‌ನ ವೆಬ್ ನಿಯಂತ್ರಣದಿಂದ ಮೊಬೈಲಿನಲ್ಲೇ ರೆಕಾರ್ಡ್ ಗುಂಡಿ ಒತ್ತುವಂತೆ ಮಾಡಿದ್ದೆ. ಚೆನ್ನಾಗಿಯೇ ನಡೆಯಿತು. ಆದರೆ ಅದಕ್ಕೆ ವೈಫೈ ಬೇಕು, ವೈಫೈ ಹಾಕಿದರೆ ಟಿಕ್ ಟಿಕ್. ಕಂಬಳಿ ಹೊದೆಸಿದ ಪ್ರಯೋಗದ ಬಗ್ಗೆ ಹೇಳದಿರುವುದೇ ಮೇಲು.

ಬರವಣಿಗೆಯ ಮಾತು. ಹಾಡು ಕಟ್ಟುವ ಹೊತ್ತಿನಲ್ಲಿ ನನಗೆ ಬೇಕಾದದ್ದು ಹೊಳೆಯದ ಪರದೆ, ಕಣ್ಣು ಮುಚ್ಚಿ ಒತ್ತಿದರೂ ಕೈ ತಪ್ಪದ ಕೀಲಿಮಣೆ. ಟಿ480ರಲ್ಲಿ ಎರಡೂ ಇವೆ. ಪರದೆಯ ಬಣ್ಣ ಮಾತ್ರ ಪೇಲವ, ಚಿತ್ರ ತಿದ್ದುವವರು ಇದರ ಸಹವಾಸಕ್ಕೆ ಬರುವುದು ಬೇಡ. ಸಾಲುಗಳನ್ನು ರೀಪರ್ ಪ್ರಾಜೆಕ್ಟಿನ ಟಿಪ್ಪಣಿ ಕಿಟಕಿಯಲ್ಲೇ ಬರೆಯುತ್ತೇನೆ, ಹಾಡು ತೆರೆದರೆ ಸಾಹಿತ್ಯವೂ ಅದರ ಜೊತೆಗೇ ಎದ್ದು ಬರಲಿ ಎಂದು. ಒಂದು ಸಲ ಮೈಕ್ ತೆರೆದಿಟ್ಟೇ ಬರೆದುಬಿಟ್ಟಿದ್ದೆ. ಕೀಲಿ ಬಡಿದ ಸದ್ದು ತಾಳಕ್ಕೆ ಹತ್ತಿರದಲ್ಲೇ ಇತ್ತು. ಸ್ವಲ್ಪ ಸರಿಸಿ, ತಗ್ಗು ದನಿಯನ್ನು ಕತ್ತರಿಸುವ ಲೋ-ಕಟ್ ಹಾಕಿ, ಅದೇ ಹಾಡಿಗೆ ಶೇಕರ್ ಎಂಬ ಗಿಲಕಿ ವಾದ್ಯದ ಬದಲಿಗೆ ಇಟ್ಟೆ.

ಗೆಳೆಯನಿಗೆ ಯಂತ್ರ ನೋಡಲು ಹೋದದ್ದು ಹೋದ ವಾರ. ಕೈಗೆ ಬಂದ ಮೊದಲನೆಯದು ಹೊರಗಿನಿಂದ ಹೊಸದರಂತಿತ್ತು. ವಿಂಡೋಸ್ ಕೊಡುವ ಬ್ಯಾಟರಿ ವರದಿ ತೆಗೆಸಿದೆ: ಒಳಗಿನ ಬ್ಯಾಟರಿಯ ಸಾಮರ್ಥ್ಯ ಅರ್ಧಕ್ಕಿಂತ ಕೆಳಗೆ. ಇಂಟರ್‌ಫೇಸ್ ಸಿಕ್ಕಿಸಿ ಕಿಂಡಿಯನ್ನು ಬೆರಳಿನಿಂದ ಅಲುಗಿಸಿದರೆ ಸಂಪರ್ಕ ತಪ್ಪುತ್ತಿತ್ತು. ಬಿಟ್ಟೆವು. ಎರಡನೆಯದರ ಮುಚ್ಚಳದ ಮೇಲೆ ಗೀರುಗಳು, ಮೂಲೆಯಲ್ಲಿ ಸಣ್ಣದೊಂದು ಒಡಕು. ಇಪ್ಪತ್ತು ನಿಮಿಷ ಲೇಟೆನ್ಸಿಮಾನ್ ಓಡಿಸಿ, ತಳಕ್ಕೆ ಕಿವಿ ಹಚ್ಚಿ ಫ್ಯಾನ್ ಕೇಳಿದೆ. ಗರಗರ ಇಲ್ಲ. ಗೀರಿನ ಹೆಸರು ಹೇಳಿ ಬೆಲೆಯಲ್ಲಿ ಇನ್ನೂ ಒಂದಿಷ್ಟು ಇಳಿಸಿಕೊಂಡು ತಂದೆವು. ದಾರಿಯಲ್ಲಿ ಗೆಳೆಯ, ನೀನು ಯಂತ್ರದ ಕೆಳಗೆ ಹಾಸುತ್ತೀಯಲ್ಲ, ಆ ಬೂದು ಬಣ್ಣದ್ದು ಏನು, ಎಲ್ಲಿ ಸಿಗುತ್ತದೆ ಎಂದು ಕೇಳಿದ. ಮೊದಲು ತೊಂಬತ್ತೊಂಬತ್ತಕ್ಕೆ ಇಳಿಸು, ಆಮೇಲೆ ನೋಡೋಣ ಎಂದೆ.